ಪಹಣಿಯಲ್ಲಿ ತರಿ, ಹೊಲದಲ್ಲಿ ಬಿಸಿಲು

ಪಾವಗಡ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಶನಿಮಹಾತ್ಮನ ದೇವಸ್ಥಾನ. ಬರ. ಫ್ಲೋರೈಡ್ ನೀರು. ಈಗ ಹತ್ತು ವರ್ಷದಿಂದೀಚೆಗೆ ಸೋಲಾರ್. ಭತ್ತ ಅಂತ ಯಾರಾದರೂ ಹೇಳ್ತೀರಾ? ಇಲ್ಲ. ಪಾವಗಡಕ್ಕೂ ಭತ್ತಕ್ಕೂ ಎಲ್ಲಿಯ ಸಂಬಂಧ ಅಂತ ನಗುತ್ತೀರಿ.

ಆದರೆ ತಾಲ್ಲೂಕು ಕಚೇರಿಯ ಕಾಗದ ನಗುವುದಿಲ್ಲ. ನಮ್ಮ ಪಹಣಿಯಲ್ಲಿ ಜಮೀನನ್ನು ಮೂರು ಬಗೆಯಾಗಿ ಬರೆಯುತ್ತಾರೆ. ಮಳೆ ನಂಬಿದ ಹೊಲ ಖುಷ್ಕಿ. ತೋಟ ಬಾಗಾಯ್ತು. ನೀರು ಹರಿದು ಬಂದು ನಿಲ್ಲುವ ಗದ್ದೆ ತರಿ. ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ, ಈ ನಾಲ್ಕೂ ತಾಲ್ಲೂಕುಗಳ ಕೆರೆ ಹಿಂದಿನ ಬಯಲುಗಳಲ್ಲಿ ಇವತ್ತಿಗೂ ತರಿ ಜಮೀನಿದೆ. ಅಂದರೆ ಒಂದು ಕಾಲಕ್ಕೆ ಅಲ್ಲಿ ಭತ್ತ ಬೆಳೆಯುತ್ತಿದ್ದರು, ಸರ್ಕಾರ ಅದಕ್ಕೆ ಗದ್ದೆಯ ಲೆಕ್ಕದಲ್ಲಿ ಕಂದಾಯ ಎತ್ತುತ್ತಿತ್ತು. ಗದ್ದೆ ಹೋಯಿತು. ಕಾಗದದ ಮೇಲೆ ತರಿ ಉಳಿಯಿತು. ಹಾಗಾದರೆ ಆ ಭತ್ತ ಎಲ್ಲಿಗೆ ಹೋಯಿತು? ಯಾರು ತೆಗೆದುಕೊಂಡು ಹೋದರು? ಇವತ್ತಿನ ಪ್ರಶ್ನೆ ಇದು.

ಕಥೆಯನ್ನು ನಾಗಲಮಡಿಕೆಯಿಂದ ಶುರು ಮಾಡೋಣ. ಇದು ಪಾವಗಡ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ, ಉತ್ತರ ಪಿನಾಕಿನಿಯ ದಡದ ಊರು. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಅಂತ ಸುಬ್ರಹ್ಮಣ್ಯನ ಮೂರು ಕ್ಷೇತ್ರಗಳನ್ನು ಜನ ಎಣಿಸುತ್ತಾರಲ್ಲ, ಆ ಮೂರನೆಯದು ಇದೇ. ಉಳುವಾಗ ನೇಗಿಲಿಗೆ ನಾಗರ ಶಿಲೆ ಸಿಕ್ಕಿತು ಅನ್ನುವುದು ಇಲ್ಲಿನ ಸ್ಥಳಪುರಾಣ. ತೆಲುಗಿನಲ್ಲಿ ಮಡಕ ಅಂದರೆ ನೇಗಿಲು. ಗಡಿ ಸೀಮೆ ನೋಡಿ, ಕನ್ನಡ ತೆಲುಗು ಎರಡೂ ಒಂದೇ ನಾಲಿಗೆಯ ಮೇಲೆ ಓಡಾಡುತ್ತವೆ. ದೇವರು ಕೂಡ ಉಳುವವನಿಗೇ ಸಿಕ್ಕ ಊರು ಅಂತ ನಂಬಿಕೊಂಡು ಬದುಕಿದವರು ಇವರು.

ಈಗ ನದಿಯನ್ನು ನೋಡಿ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುತ್ತದೆ. ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರದ ಕಡೆ ಹೋಗುತ್ತದೆ. ಅಲ್ಲಿಂದ ಮತ್ತೆ ನಮ್ಮ ಪಾವಗಡಕ್ಕೆ ಬಂದು, ನಾಗಲಮಡಿಕೆಯನ್ನು ಮುಟ್ಟಿ, ಮತ್ತೆ ಆಂಧ್ರದ ಪೇರೂರಿಗೆ ಹೊರಟು ಹೋಗುತ್ತದೆ. ಸುಮಾರು 600 ಕಿಲೋಮೀಟರ್ ನಡೆದು ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ಇತ್ತ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಕೊರಟಗೆರೆ ಮತ್ತು ಮಧುಗಿರಿಯ ನೆಲ ತೋಯಿಸಿ ಇದೇ ಪಿನಾಕಿನಿಗೆ ಸೇರಿಕೊಳ್ಳುತ್ತದೆ. ಇವು ಕಾವೇರಿಯಂತೆ ವರ್ಷವಿಡೀ ಹರಿಯುವ ನದಿಗಳಲ್ಲ. ಮಳೆ ಬಂದಾಗ ಹರಿಯುತ್ತವೆ, ಉಳಿದ ಕಾಲ ಮರಳಿನ ಕೆಳಗೆ ಹರಿಯುತ್ತವೆ.

ಈ ಕೊನೆಯ ಮಾತನ್ನು ಗಮನಿಸಿ. ಮರಳಿನ ಕೆಳಗೆ. ಈ ಸೀಮೆಯ ಭತ್ತದ ಗುಟ್ಟೆಲ್ಲ ಇರುವುದು ಅಲ್ಲೇ.

ಪಾವಗಡದ ವಾಡಿಕೆ ಮಳೆ ವರ್ಷಕ್ಕೆ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಗದ್ದೆಗೆ ಅದರ ಎರಡರಷ್ಟು ನೀರು ಬೇಕು. ಲೆಕ್ಕ ಹೊಂದುವುದೇ ಇಲ್ಲ ಅಲ್ವಾ? ಆದರೂ ಬೆಳೆದರು. ಹೇಗೆ ಅಂದರೆ, ಎರಡು ಉಪಾಯ. ಒಂದು ಕೆರೆ. ಅದು ಎಲ್ಲರಿಗೂ ಗೊತ್ತು. ಇನ್ನೊಂದು ಇದೇ ನಾಲ್ಕು ತಾಲ್ಲೂಕುಗಳ ಸೀಮೆಯ ಆಸ್ತಿ. ಅದರ ಹೆಸರು ತಲಪರಿಗೆ.

ತಲಪರಿಗೆ ಅಂದರೆ ಊಟೆ. ಹಳ್ಳದ ಮಗ್ಗುಲಲ್ಲೋ ಕೆರೆಯ ಅಂಗಳದಲ್ಲೋ ಮರಳು ನೆಲವನ್ನು ಸ್ವಲ್ಪ ಬಗೆದರೆ ನೀರು ತಾನಾಗಿ ಮೇಲೆ ಬರುತ್ತದೆ. ಅದಕ್ಕೆ ಕಲ್ಲು ಕಟ್ಟಿ, ಒಂದು ಕಾಲುವೆ ತೋಡಿ ಗದ್ದೆಗೆ ಬಿಡುತ್ತಾರೆ. ಏತ ಬೇಡ, ಮೋಟಾರ್ ಬೇಡ, ಕರೆಂಟ್ ಬೇಡ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಹೈಡ್ರಾಲಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್ ಅಂತ ಓದುವ ಹುಡುಗರಿಗೆ ಈ ಹೆಸರನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಆದರೆ ತತ್ವ ಸರಳ. ಮಳೆಗಾಲದಲ್ಲಿ ಮೇಲಿನ ಮರಳು ಸ್ಪಂಜಿನ ಹಾಗೆ ನೀರು ಕುಡಿದಿರುತ್ತದೆ. ಇಳಿಜಾರಿನಲ್ಲಿ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಕೆರೆ ತುಂಬಿದಾಗ ಅಂಗಳದ ತಲಪರಿಗೆ ಮುಳುಗಿರುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಅದರ ಡ್ಯೂಟಿ ಶುರು.

ಇದು ಅಜ್ಜಿ ಹೇಳಿದ ಕಥೆ ಅಂತ ತಳ್ಳಿಹಾಕಬೇಡಿ. ಬಿ. ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನವರೆಗೆ ಒಂದು ಗೆರೆ ಎಳೆದರೆ, ಅದರ ಪೂರ್ವಕ್ಕಿರುವ ಗಡಿ ಸೀಮೆಯಲ್ಲೆಲ್ಲ ತಲಪರಿಗೆಗಳಿವೆ ಎನ್ನುತ್ತಾನೆ. ದಕ್ಷಿಣದ ಭಾಗದಲ್ಲಿ ಮಾರು ಮಾರಿಗೆ ನೀರು ಸಿಗುತ್ತದೆ, ಪಾವಗಡದ ಕಡೆ ಮೆತ್ತನೆಯ ಕಲ್ಲಿನ ಪದರ ಕೊರೆದರೆ ಸಿಗುತ್ತದೆ ಎಂಬ ವಿವರವನ್ನೂ ಕೊಡುತ್ತಾನೆ. ನೂರ ಮೂವತ್ತು ನಲವತ್ತು ವರ್ಷದ ಹಿಂದೆ ಪಾವಗಡದಲ್ಲಿ ನೀರು ಎಷ್ಟು ಹತ್ತಿರದಲ್ಲಿತ್ತು ಅಂತ ಇದರಿಂದ ಅಂದಾಜು ಮಾಡಿ. ನಮ್ಮ ಕಾಲದಲ್ಲಿ ತುಮಕೂರಿನ ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಸುತ್ತಿ ತಲಪರಿಗೆಗಳ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಕೆಲವು ಇನ್ನೂ ಜೀವಂತ ಇವೆ, ಬಹಳಷ್ಟು ಹೂತುಹೋಗಿವೆ.

ತಲಪರಿಗೆ ಒಬ್ಬನ ಆಸ್ತಿಯಾಗಿರಲಿಲ್ಲ. ವರ್ಷಕ್ಕೊಮ್ಮೆ ಅಚ್ಚುಕಟ್ಟಿನ ಪ್ರತಿ ಮನೆಯವರೂ ಬಂದು ಹೂಳು ತೆಗೆಯಬೇಕು. ಗಂಗಮ್ಮನಿಗೆ ಪೂಜೆ ಮಾಡಬೇಕು. ಸರದಿ ಪ್ರಕಾರ ನೀರು. ಸರದಿ ನೋಡಲು ನೀರುಗಂಟಿ. ಅವನಿಗೆ ಸಂಬಳ ಇಲ್ಲ, ಕಣದಲ್ಲಿ ಭತ್ತದ ಪಾಲು.

ಕಣದ ವಿಷಯ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಯಾಕೆಂದರೆ ನಾನು ಹೇಳಬೇಕಾದ ಮುಖ್ಯ ಮಾತು ಅಲ್ಲೇ ಇದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಕಂಪನಿಯವರು ಮೈಸೂರು ಸೀಮೆ ನೋಡಿಕೊಂಡು ಬಾ ಅಂತ ಕಳಿಸಿದರು. 1800ರಲ್ಲಿ ಆತ ಶಿರಾ, ಮಧುಗಿರಿಯ ಕಡೆಯೂ ಹಾದುಹೋದ. ಮೈಸೂರು ಸೀಮೆಯಲ್ಲಿ ಕಣದ ರಾಶಿಯನ್ನು ಹೇಗೆ ಹಂಚುತ್ತಾರೆ ಅಂತ ಆತ ಅಳತೆ ಸಮೇತ ಬರೆದಿದ್ದಾನೆ. ಮೊದಲು ದೇವರಿಗೆ. ಆಮೇಲೆ ದಾನ ಧರ್ಮಕ್ಕೆ. ಆಮೇಲೆ ಊರಿನ ಕೆಲಸದವರಿಗೆ: ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ಕುಂಬಾರ, ತಳವಾರ, ತೋಟಿ, ನೀರುಗಂಟಿ. ಗೌಡನಿಗೆ, ಶಾನುಭೋಗನಿಗೆ ಅವರವರ ಪಾಲು. ಇದೆಲ್ಲ ಕಳೆದು ಉಳಿದದ್ದರಲ್ಲಿ ಸರ್ಕಾರಕ್ಕೂ ರೈತನಿಗೂ.

ಇದನ್ನು ಸುವರ್ಣಯುಗ ಅಂತ ನಾನು ಹೇಳುತ್ತಿಲ್ಲ. ಆ ಹಂಚಿಕೆಯಲ್ಲಿ ಜಾತಿ ಇತ್ತು. ಹೆಚ್ಚು ಬೆವರು ಸುರಿಸಿದವನಿಗೆ ಕಡಿಮೆ ಮೊರ ಸಿಗುತ್ತಿತ್ತು, ಅದೂ ಕೊನೆಗೆ ಸಿಗುತ್ತಿತ್ತು. ಬರ ಬಂದರೆ ಅದೂ ಇಲ್ಲ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದನೇ ಒಂದು ಭಾಗ ಜನರನ್ನು ಕಳೆದುಕೊಂಡಿತು. ಆದರೆ ಒಂದು ಸತ್ಯ ಉಳಿಯುತ್ತೆ. ಒಂದು ಎಕರೆ ಗದ್ದೆ ಬೆಳೆದರೆ ಹತ್ತಾರು ಮನೆಯ ಪಾತ್ರೆಗೆ ಏನಾದರೂ ಬೀಳುತ್ತಿತ್ತು. ನಾಟಿ ಹಾಕಿದ ಹೆಂಗಸರಿಗೆ ಕೂಲಿ, ಕುಯಿಲಿಗೆ ಬಂದವರಿಗೆ ಹೊರೆ, ದನಕ್ಕೆ ನೆಲ್ಲುಹುಲ್ಲು. ಜಮೀನು ಒಬ್ಬನ ಹೆಸರಿನಲ್ಲಿದ್ದರೂ ಅದರ ಆದಾಯ ಒಬ್ಬನದಾಗಿರಲಿಲ್ಲ.

ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಈಗ ನೀರು ಹೋದ ಕಥೆ. ಅದು ಒಂದೇ ಸಲ ಹೋಗಲಿಲ್ಲ, ಕಂತಿನಲ್ಲಿ ಹೋಯಿತು.

ಮೊದಲ ಕಂತು 1892. ಆ ವರ್ಷದ ಫೆಬ್ರವರಿಯಲ್ಲಿ ಮದ್ರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ನಮಗೆಲ್ಲ ಅದು ಕಾವೇರಿ ಜಗಳದಿಂದಾಗಿ ಗೊತ್ತು. ಆದರೆ ಅದರ ಪಟ್ಟಿಯಲ್ಲಿ ಇದ್ದದ್ದು ಹದಿನೈದು ನದಿಗಳು, ಅದರಲ್ಲಿ ಉತ್ತರ ಪಿನಾಕಿನಿಯೂ ಒಂದು. ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಈ ನದಿಗಳಿಗೆ ಹೊಸ ಜಲಾಶಯ ಕಟ್ಟುವಂತಿಲ್ಲ. ನಾಗಲಮಡಿಕೆಯ ಸ್ಥಿತಿ ನೋಡಿ. ಮೇಲಿನ ಹಿಂದೂಪುರವೂ ಮದ್ರಾಸಿನದು, ಕೆಳಗಿನ ಪೇರೂರೂ ಮದ್ರಾಸಿನದು. ಮಧ್ಯೆ ಒಂದು ತುಂಡು ನದಿ ಮೈಸೂರಿನದು. ನದಿಗೆ ಅಣೆಕಟ್ಟು ಅಂತ ನಾಗಲಮಡಿಕೆ ಕಂಡದ್ದು ಬಹಳ ಕಾಲದ ನಂತರ. ಇವತ್ತು ಅದು ತುಂಬಿ ಹರಿದರೆ ನಮ್ಮಂಥ ಚಾನೆಲ್‌ಗಳಿಗೆ ಅದೊಂದು ಸುದ್ದಿ. ತುಂಬುವುದೇ ಸುದ್ದಿಯಾಗುತ್ತೆ ಅಂದರೆ ಉಳಿದ ವರ್ಷಗಳ ಕಥೆ ನೀವೇ ಊಹಿಸಿ.

ಎರಡನೇ ಕಂತು ಬೋರ್‌ವೆಲ್. ಪಂಪ್‌ಸೆಟ್ ಬಂತು, ರಿಗ್ ಲಾರಿ ಬಂತು. ನೂರು ಅಡಿ, ಮುನ್ನೂರು ಅಡಿ, ಆಮೇಲೆ ಸಾವಿರ ಅಡಿ. ತಲಪರಿಗೆ ಇರುವುದು ಮೇಲಿನ ಪದರದ ನೀರಿನ ಮೇಲೆ. ಕೆಳಗಿನಿಂದ ಎಳೆದರೆ ಮೇಲಿನದು ಇಳಿಯಲೇಬೇಕು. ಸಾವಿರ ಅಡಿಗೆ ಹೋದಾಗ ಸಿಕ್ಕಿದ್ದು ಫ್ಲೋರೈಡ್. ಹಲ್ಲು ಕಂದಿತು, ಮೂಳೆ ಬಾಗಿತು. ಇನ್ನೊಂದು ಏಟು ಬಿದ್ದದ್ದು ಊರ ಒಗ್ಗಟ್ಟಿಗೆ. ತನ್ನ ಹೊಲದಲ್ಲೇ ಬೋರ್ ಇದ್ದವನು ತಲಪರಿಗೆಯ ಹೂಳು ತೆಗೆಯಲು ಯಾಕೆ ಬರುತ್ತಾನೆ?

ಮೂರನೇ ಕಂತು ಮರಳು. ಬೆಂಗಳೂರು ಬೆಳೆಯಿತು. ಅಪಾರ್ಟ್‌ಮೆಂಟಿಗೆ, ಫ್ಲೈಓವರಿಗೆ, ಟೆಕ್ ಪಾರ್ಕಿಗೆ ಮರಳು ಬೇಕಾಯಿತು. ಜಯಮಂಗಲಿ, ಪಿನಾಕಿನಿಯ ಮರಳು ರಾತ್ರಿ ಲಾರಿಗಳಲ್ಲಿ ಹೊರಟಿತು. ಆಗಲೇ ಹೇಳಿದೆನಲ್ಲ, ಈ ನದಿಗಳಿಗೆ ಮರಳೇ ಟ್ಯಾಂಕು. ಟ್ಯಾಂಕನ್ನೇ ಎತ್ತಿಕೊಂಡು ಹೋದ ಮೇಲೆ ನಲ್ಲಿ ಯಾಕೆ ಬರುತ್ತಿಲ್ಲ ಅಂತ ಕೇಳಿದರೆ ಹೇಗೆ? ಕೈಗಾರಿಕಾ ಬೆಳವಣಿಗೆಯ ಪೆಟ್ಟು ಅಂದರೆ ಊರಲ್ಲಿ ಫ್ಯಾಕ್ಟರಿ ಬರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಈ ಸೀಮೆಗೆ ಒಂದೂ ಚಿಮಣಿ ಬರುವ ಮೊದಲೇ ಪೆಟ್ಟು ಬಿದ್ದಾಗಿತ್ತು.

ಹೀಗೆ ಗದ್ದೆಗಳು ಒಂದೊಂದಾಗಿ ಹೊಲವಾದವು. ಹೊಲದಲ್ಲಿ ಶೇಂಗಾ ಬಂತು. ಶೇಂಗಾಕ್ಕೂ ಮಳೆ ಕೈಕೊಟ್ಟಿತು. ಆರು ದಶಕದಲ್ಲಿ 54 ಬಾರಿ ಬರಪೀಡಿತ ಅನ್ನಿಸಿಕೊಂಡ ತಾಲ್ಲೂಕು ಎಂಬ ಮಾತು ಸೋಲಾರ್ ಪಾರ್ಕ್ ಶುರುವಾದಾಗ ಎಲ್ಲರ ಬಾಯಲ್ಲಿತ್ತು. ಹುಡುಗರು ಬೆಂಗಳೂರು ಬಸ್ ಹತ್ತಿದರು. ಭತ್ತ ಬೆಳೆದ ಊರು ಪಡಿತರ ಅಂಗಡಿಯ ಮುಂದೆ ಅಕ್ಕಿಗೆ ಕ್ಯೂ ನಿಂತಿತು. 2013ರಲ್ಲಿ ಅನ್ನಭಾಗ್ಯ ಬಂತು, ಬಡವರ ಹೊಟ್ಟೆ ತುಂಬಿತು, ಅದನ್ನು ಹಂಗಿಸುವ ಮಾತೇ ಇಲ್ಲ. ಆದರೆ 2023ರಲ್ಲಿ ಏನಾಯಿತು? ಹೆಚ್ಚುವರಿ ಐದು ಕೆಜಿಗೆ ಕೇಂದ್ರದಿಂದ ಅಕ್ಕಿ ಸಿಗಲಿಲ್ಲ. ರಾಜ್ಯ ಸರ್ಕಾರ ತಲೆಗೆ 170 ರೂಪಾಯಿ ಕೊಟ್ಟಿತು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಬೇಕಾಯಿತು. ಅಕ್ಕಿಯ ಜಾಗದಲ್ಲಿ ದುಡ್ಡು ಇಟ್ಟರೆ ಎಷ್ಟು ದಿನ ನಡೆಯುತ್ತೆ ಅನ್ನುವುದಕ್ಕೆ ಇದೂ ಒಂದು ಪಾಠ.

ಇಷ್ಟಾದ ಮೇಲೆ ಬಂದದ್ದು ಸೋಲಾರ್. ಇದೇ ನಾಗಲಮಡಿಕೆ ಹೋಬಳಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಐದು ಊರು, ಸುಮಾರು 13,000 ಎಕರೆ. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಹೆಸರು ಶಕ್ತಿ ಸ್ಥಳ. ಆ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು.

ಕ್ಯಾತಗಾನಚೆರ್ಲು, ರಾಯಚೆರ್ಲು. ಹೆಸರಿನ ಬಾಲ ನೋಡಿದಿರಾ? ತೆಲುಗಿನಲ್ಲಿ ಚೆರುವು ಅಂದರೆ ಕೆರೆ, ಚೆರ್ಲು ಅನ್ನುವುದು ಅದರ ಬಳಗದ ಮಾತಿನ ಹಾಗೇ ಕೇಳುತ್ತದೆ. ಬಳಸಮುದ್ರದ ಸಮುದ್ರವೂ ನಮ್ಮ ಕಡೆ ಕೆರೆ ಕಟ್ಟಿದ ಊರಿಗೆ ಇಡುವ ಹೆಸರು.

ಇಲ್ಲಿ ನ್ಯಾಯವಾಗಿ ಮಾತಾಡೋಣ. ಸೋಲಾರ್ ಬಂದು ಭತ್ತವನ್ನು ಓಡಿಸಲಿಲ್ಲ. ಪ್ಯಾನೆಲ್ ನಿಂತದ್ದು ಹೆಚ್ಚಾಗಿ ಖುಷ್ಕಿ ಜಮೀನಿನ ಮೇಲೆ. ಸರ್ಕಾರ ಜಮೀನನ್ನು ಕಿತ್ತುಕೊಳ್ಳಲೂ ಇಲ್ಲ. ಗುತ್ತಿಗೆಗೆ ಪಡೆಯಿತು. 28 ವರ್ಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಾಲೀಕತ್ವ ರೈತನದೇ. ಭೂಸ್ವಾಧೀನದ ಹೆಸರಲ್ಲಿ ಈ ದೇಶದಲ್ಲಿ ನಡೆದಿರುವುದನ್ನೆಲ್ಲ ನೋಡಿದರೆ ಇದು ಎಷ್ಟೋ ವಾಸಿ. ಶೇಂಗಾ ಬಿತ್ತಿ ಬೀಜದ ದುಡ್ಡೂ ಹುಟ್ಟದ ರೈತನಿಗೆ ಖಾತ್ರಿ ಆದಾಯ. ಸಾಲ ತೀರಿಸಿದರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಯಾಕಪ್ಪಾ ಒಪ್ಪಿಕೊಂಡಿರಿ ಅಂತ ಅವರನ್ನು ಕೇಳುವ ಹಕ್ಕು ಸ್ಟುಡಿಯೋದ ಎಸಿಯಲ್ಲಿ ಕೂತ ನನಗಿಲ್ಲ.

ಆದರೆ ಲೆಕ್ಕ ಕೇಳುವ ಹಕ್ಕಿದೆ. ಬನ್ನಿ, ಕ್ಯಾಲ್ಕ್ಯುಲೇಟರ್ ತೆಗೆಯೋಣ.

21,000ಕ್ಕೆ ಎರಡು ವರ್ಷಕ್ಕೊಮ್ಮೆ ಐದು ಪರ್ಸೆಂಟ್ ಸೇರಿಸುತ್ತಾ ಹೋದರೆ ಗುತ್ತಿಗೆಯ ಕೊನೆಯ ಎರಡು ವರ್ಷ ಸುಮಾರು 39,600 ರೂಪಾಯಿ ಬರುತ್ತದೆ. ಹೆಚ್ಚುಕಡಿಮೆ ಡಬಲ್, ಖುಷಿಯಾಗುತ್ತೆ. ಆದರೆ ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡಿರುವ ಗುರಿಯೇ ವರ್ಷಕ್ಕೆ ಶೇಕಡಾ 4. ಆ ದರದಲ್ಲೇ ಬೆಲೆ ಏರಿದರೂ, ಆ 39,600ಕ್ಕೆ ಗುತ್ತಿಗೆ ಶುರುವಾದ ದಿನದ ಬೆಲೆ ಸುಮಾರು 14,300 ಮಾತ್ರ. ಅಂದರೆ ಅಂಕಿ ಏರುತ್ತೆ, ಅದು ಕೊಳ್ಳುವ ಅಕ್ಕಿ ಕಡಿಮೆಯಾಗುತ್ತೆ. ಮೂರು ಮೂಟೆ ತರುತ್ತಿದ್ದವನು ಎರಡು ಮೂಟೆ ತರುತ್ತಾನೆ.

ಇನ್ನೊಂದು ಲೆಕ್ಕ. 13,000 ಎಕರೆಗೆ 2,050 ಮೆಗಾವಾಟ್ ಅಂದರೆ ಒಂದು ಮೆಗಾವಾಟಿಗೆ ಆರು ಎಕರೆ ಚಿಲ್ಲರೆ. ಬಾಡಿಗೆ ವರ್ಷಕ್ಕೆ 1 ಲಕ್ಷದ 33 ಸಾವಿರ. ಒಂದು ಮೆಗಾವಾಟ್ ವರ್ಷಕ್ಕೆ ಹದಿನೇಳೂವರೆ ಲಕ್ಷ ಯೂನಿಟ್ ಕೊಡುತ್ತೆ, ಯೂನಿಟಿಗೆ 3 ರೂಪಾಯಿ ಅಂತ ಹಿಡಿಯಿರಿ. 52 ಲಕ್ಷ ದಾಟುತ್ತದೆ. ನೂರು ರೂಪಾಯಿ ವ್ಯಾಪಾರದಲ್ಲಿ ನೆಲದ ಒಡೆಯನಿಗೆ ಎರಡೂವರೆ ರೂಪಾಯಿ. ಪ್ಯಾನೆಲ್ ಹಾಕಿದವರಿಗೆ ಬಂಡವಾಳ ಇದೆ, ಬಡ್ಡಿ ಇದೆ, ಒಪ್ಪೋಣ. ಆದರೂ ಕಣದ ರಾಶಿಯಲ್ಲಿ ಉಳುವವನಿಗೆ ಇದಕ್ಕಿಂತ ದೊಡ್ಡ ಪಾಲು ಸಿಗುತ್ತಿತ್ತು, ಅದೂ ರಾಜರ ಕಾಲದಲ್ಲಿ!

ಮೂರನೆಯದು ಲೆಕ್ಕಕ್ಕೇ ಸಿಗದವರ ವಿಷಯ. ಬಾಡಿಗೆ ಯಾರಿಗೆ ಬರುತ್ತೆ? ಪಹಣಿಯಲ್ಲಿ ಹೆಸರಿರುವವನಿಗೆ. ಕೂಲಿಯವಳ ಹೆಸರು ಪಹಣಿಯಲ್ಲಿ ಇಲ್ಲ. ವಾರಕ್ಕೆ ಉಳುತ್ತಿದ್ದವನದು ಇಲ್ಲ. ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದವನದು ಇಲ್ಲ. ಒಂದಷ್ಟು ಜನರಿಗೆ ಕಾವಲು ಕೆಲಸ, ಹುಲ್ಲು ಕೀಳುವ ಕೆಲಸ, ಪ್ಯಾನೆಲ್ ತೊಳೆಯುವ ಕೆಲಸ ಸಿಕ್ಕಿದೆ. ಉಳಿದವರಿಗೆ ಬೇಲಿ. ಕಣದಲ್ಲಿ ಹತ್ತು ಪಾಲಾಗುತ್ತಿದ್ದ ರಾಶಿ ಈಗ ಒಂದೇ ಬ್ಯಾಂಕ್ ಖಾತೆಗೆ ಬೀಳುತ್ತಿದೆ. ರೈತ ಬದುಕಿದ, ಸಂತೋಷ. ಆದರೆ ರೈತನ ಜೊತೆ ಬದುಕುತ್ತಿದ್ದ ಊರು?

ಇದು ಪಾವಗಡದ ಮಾತು ಮಾತ್ರ ಅಂತ ತಿಳಿಯಬೇಡಿ. 2023ರ ಫೆಬ್ರವರಿ 6ರಂದು ಪ್ರಧಾನಿ ಮೋದಿ ತುಮಕೂರು ಜಿಲ್ಲೆಗೆ ಬಂದಾಗ ಚೆನ್ನೈ-ಬೆಂಗಳೂರು ಕಾರಿಡಾರ್‌ನ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಅಡಿಗಲ್ಲು ಹಾಕಿದರು. ಮೂರು ಹಂತ ಸೇರಿ 8,484 ಎಕರೆ. ವಸಂತನರಸಾಪುರ ಈಗಾಗಲೇ ದೊಡ್ಡ ಕೈಗಾರಿಕಾ ಪ್ರದೇಶ. ಬರಲಿ, ಕೆಲಸ ಸಿಗಲಿ. ಬೇಡ ಅನ್ನುವುದು ಮೂರ್ಖತನ. ಪ್ರಶ್ನೆ ಇರುವುದು ಕರಾರಿನ ಬಗ್ಗೆ.

ಜಪಾನಿನವರು ಇಂಥದ್ದಕ್ಕೆ ಒಂದು ಕರಾರು ಹಾಕಿದರು. 2013ರಲ್ಲಿ ಅವರ ಕೃಷಿ ಇಲಾಖೆ ಹೊಲದ ಮೇಲೆ ಪ್ಯಾನೆಲ್ ಹಾಕಲು ಅನುಮತಿ ಕೊಟ್ಟಿತು. ಎತ್ತರದ ಕಂಬ ನೆಡಿ, ಕೆಳಗೆ ಬೇಸಾಯ ನಡೆಯಬೇಕು, ಇಳುವರಿ ಆ ಊರಿನ ಸರಾಸರಿಗಿಂತ ಶೇಕಡಾ 20ಕ್ಕಿಂತ ಜಾಸ್ತಿ ಇಳಿಯಬಾರದು ಅಂತ. ಅಲ್ಲಿ ಗದ್ದೆಯ ಮೇಲೂ ಪ್ಯಾನೆಲ್ ಇದೆ, ಕೆಳಗೆ ಭತ್ತವೂ ಇದೆ. ಪಾವಗಡದಲ್ಲಿ ನಾಳೆಯೇ ಭತ್ತ ಬೆಳೆಯಿರಿ ಅಂತ ನಾನು ಹೇಳಲ್ಲ. ಅಷ್ಟು ನೀರಿಲ್ಲ. ಆದರೆ ಬಿಸಿಲು ಮಾರುವಾಗ ನೆಲದ ಕಸುಬು ಸಾಯಬಾರದು ಅಂತ ಕರಾರಿನಲ್ಲೇ ಬರೆಯಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಹಾಗಾದರೆ ನಾವು ಏನು ಕೇಳಬೇಕು? ಮೂರೇ ಮೂರು. ಒಂದು, ಬಾಡಿಗೆಯ ಏರಿಕೆಯನ್ನು ಬೆಲೆ ಏರಿಕೆಗೆ ಕಟ್ಟಿ. ಸರ್ಕಾರಿ ನೌಕರನಿಗೆ ತುಟ್ಟಿಭತ್ಯೆ ಇದೆಯಲ್ಲ, ಅದೇ ನ್ಯಾಯ ಜಮೀನು ಕೊಟ್ಟವನಿಗೂ ಇರಲಿ. ಎರಡು, ಮಾರಿದ ಪ್ರತಿ ಯೂನಿಟ್‌ನಲ್ಲಿ ಒಂದಿಷ್ಟು ಪೈಸೆ ಊರಿನ ಪಾಲು ಅಂತ ತೆಗೆದಿಡಿ. ಅದು ಪಹಣಿ ಇಲ್ಲದವರ ಕೂಲಿಗೆ ಹೋಗಲಿ. ಕೂಲಿ ಯಾವ ಕೆಲಸಕ್ಕೆ? ಕೆರೆ ಹೂಳೆತ್ತುವುದಕ್ಕೆ, ಹಳ್ಳಕ್ಕೆ ತಡೆ ಕಟ್ಟುವುದಕ್ಕೆ, ಮುಚ್ಚಿದ ತಲಪರಿಗೆ ತೆರೆಯುವುದಕ್ಕೆ. ಕಣದ ನ್ಯಾಯವನ್ನು ಜಾತಿಯ ಮೊರ ಬಿಟ್ಟು ಮತ್ತೆ ತಂದ ಹಾಗಾಗುತ್ತದೆ. ಮೂರು, ನಾಲ್ಕೂ ತಾಲ್ಲೂಕಿನ ಒಂದೊಂದು ತಲಪರಿಗೆಯನ್ನೂ ಅಳೆದು, ಗಡಿ ಕಲ್ಲು ನೆಟ್ಟು, ಕಂದಾಯ ದಾಖಲೆಗೆ ಏರಿಸಿ. ದಾಖಲೆಯಲ್ಲಿ ಇಲ್ಲದ ಊಟೆಯ ಮೇಲೆ ನಾಳೆ ರಸ್ತೆಯೋ ಶೆಡ್ಡೋ ಬಂದರೆ ಕೇಳುವವರು ಯಾರು?

ಭದ್ರಾ ಮೇಲ್ದಂಡೆ ನೀರು ಬರುತ್ತೆ ಅಂತ ಈ ಸೀಮೆ ವರ್ಷಗಳಿಂದ ಕಾಯುತ್ತಿದೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ಘೋಷಣೆಯೂ ಆಯಿತು. ದೂರದ ನೀರು ಬರುವ ದಿನ ಬರಲಿ. ಬಂದ ನೀರು ನಿಲ್ಲುವುದಕ್ಕೆ ಕೆರೆ ಬೇಕು, ಇಂಗುವುದಕ್ಕೆ ಮರಳು ಬೇಕು, ಹಂಚುವುದಕ್ಕೆ ಜನ ಬೇಕು. 28 ವರ್ಷದ ಗುತ್ತಿಗೆ ಮುಗಿಯುವ ಹೊತ್ತಿಗೆ, ಗುತ್ತಿಗೆ ಶುರುವಾದಾಗ ಐವತ್ತಾಗಿದ್ದ ರೈತನಿಗೆ ಎಂಬತ್ತರ ಹತ್ತಿರ. ಅವನ ಮೊಮ್ಮಗ ಕಂಬ ಕಿತ್ತ ನೆಲವನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಎಲ್ಲಿ ಬಗೆದರೆ ನೀರು ಬರುತ್ತೆ ಅಂತ ಆ ಹುಡುಗನಿಗೆ ತೋರಿಸುವವರು ಇನ್ನೂ ಊರಲ್ಲಿ ಇದ್ದಾರೆ. ಅವರು ಇರುವಾಗಲೇ ಈ ಕೆಲಸ ಆಗಬೇಕು. ತುಮಕೂರಿನ ಶಾಸಕರೇ, ಸಂಸದರೇ, ಜಿಲ್ಲಾಡಳಿತದವರೇ, ಪಟ್ಟಿ ಯಾವಾಗ ಶುರು ಮಾಡುತ್ತೀರಿ?